ಎರಡನೆಯ ಸ್ನಾನದ ನೀರು

ನೈರೋಬಿಯಲ್ಲಿ ಚಳಿಯಾಗುತ್ತದೆ ಎಂದರೆ ಮೈಸೂರಿನ ನಮ್ಮ ನೆಂಟರಿಷ್ಟರು ಯಾರೂ ನಂಬುತ್ತಿರಲಿಲ್ಲ. "ಆಫ್ರಿಕಾದಲ್ಲಿ ಚಳಿಯಂತೆ, ಕೇಳ್ರಪ್ಪಾ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರನ್ನೆಲ್ಲ ಒಂದು ಜುಲೈ ತಿಂಗಳಲ್ಲಿ ಕರೆದುಕೊಂಡು ಬಂದು, ಕಿಲೆಲೆಶ್ವಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಬೇಕು ಎನ್ನುವುದು ನನ್ನ ಬಹಳ ದಿನದ ಆಸೆಯಾಗಿತ್ತು. ಜುಲೈ ಬಂತೆಂದರೆ ಅಲ್ಲಿ ಸೂರ್ಯ ರಜೆ ಹಾಕಿಬಿಡುತ್ತಾನೆ. ಒಗೆದ ಸೀರೆ ದಿನಗಟ್ಟಲೆ ತಂತಿಯ ಮೇಲೆ ನೇತಾಡುತ್ತ ಇರುತ್ತದೆ, ಒಣಗುವುದಿಲ್ಲ. ಯಾವುದೋ ಕಾಲದಲ್ಲಿ ಇಂಗ್ಲಿಷರು ತಮಗಾಗಿ ಕಟ್ಟಿಕೊಂಡ ಆ ಮನೆಯ ಹಾಲಿನಲ್ಲಿ ಬೆಂಕಿಗೂಡು ಒಂದಿತ್ತು. ಅದಕ್ಕೆ ಸೌದೆ ಹಾಕಿದರೆ ಹೊಗೆಯೆಲ್ಲ ಮನೆಯೊಳಕ್ಕೇ ಬರುತ್ತಿತ್ತು. ಹಾಗಾಗಿ ಇಡೀ ಮನೆಯಲ್ಲಿ ಬೆಚ್ಚಗಿದ್ದ ವಸ್ತು ಒಂದೇ, ಬಚ್ಚಲ ಪಕ್ಕದ ಗೋಡೆ ಬೀರುವಿನೊಳಗಿನ ಬಿಸಿನೀರಿನ ಟ್ಯಾಂಕು.

ನನ್ನ ಭುಜದಷ್ಟು ಎತ್ತರದ ತಾಮ್ರದ ಟ್ಯಾಂಕು ಅದು. ಹೊರಗಡೆ ಒಂದು ಸ್ವಿಚ್ಚು, ಅದರಲ್ಲಿ ಪುಟ್ಟ ಕೆಂಪು ದೀಪ. ಬೆಳಿಗ್ಗೆ ಮೊದಲು ಎದ್ದವರು ಸ್ವಿಚ್ಚು ಹಾಕಬೇಕು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ನೀರು ಕಾದಿರುತ್ತಿತ್ತು. ನಮ್ಮವರು ಟ್ಯಾಂಕಿಗೆ ಹಳೆಯ ಕಂಬಳಿಯೊಂದನ್ನು ಸುತ್ತಿ ಹಗ್ಗ ಬಿಗಿದಿದ್ದರು, ಬಿಸಿ ಆರದಿರಲಿ ಎಂದು. ಅದನ್ನೂ ಪೂರ್ತಿ ಸುತ್ತದೆ ಮೇಲರ್ಧಕ್ಕೆ ಮಾತ್ರ. "ಏನ್ರೀ ಇದು, ಅರ್ಧ ಬಟ್ಟೆ ಹಾಕಿಸಿ ನಿಲ್ಲಿಸಿದ್ದೀರ ಪಾಪ" ಎಂದು ನಾನು ರೇಗಿಸಿದರೆ, "ಸಾಕು ಬಿಡೇ ಅದಕ್ಕೆ" ಎನ್ನುತ್ತಿದ್ದರು. ಟ್ಯಾಂಕಿನ ಕಾಲಬುಡಕ್ಕೆ ಅವರ ಕಬ್ಬಿಣದ ಟ್ರಂಕು. ಊರಿಂದ ಹಡಗಿನಲ್ಲಿ ಬರುವಾಗ ತಂದದ್ದು, ಒಳಗೆ ಹಳೆಯ ಮ್ಯಾಗಜೀನುಗಳ ಹೊರತು ಏನೂ ಇರಲಿಲ್ಲ. ಅದನ್ನು ತೆಗೆದು ಹೊರಗಿಡಿ ಎಂದು ನಾನು ವರ್ಷಗಟ್ಟಲೆ ಗೋಗರೆದಿದ್ದೆ. "ಅದು ಅಲ್ಲೇ ಇರಲಿ" ಎನ್ನುವುದು ಬಿಟ್ಟು ಬೇರೆ ಉತ್ತರ ಬಂದದ್ದಿಲ್ಲ.

ನಮ್ಮವರು ರಸ್ತೆ ಕಟ್ಟಿಸುವ ಎಂಜಿನಿಯರು. ನಾನು ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ಫಿಸಿಕ್ಸ್ ಟೀಚರು. ಮಕ್ಕಳಿರಲಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲೇ ಅವರು ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆ ಡಬ್ಬಿಯನ್ನು ಅವರ ಆಫೀಸಿನವರು ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟರು. ಹುಳಿಯನ್ನ ಹಾಗೇ ಇತ್ತು.

ಆಮೇಲಿನ ತಿಂಗಳುಗಳ ಬಗ್ಗೆ ಏನು ಹೇಳಲಿ. ಮಂಗಳೂರು ಕಡೆಯ ಒಂದೆರಡು ಮನೆಯವರು ಬಹಳ ಮಾಡಿದರು, ಊಟ ತಂದರು, ಪಕ್ಕದಲ್ಲಿ ಕೂತರು. ಆದರೆ ಎಲ್ಲರಿಗೂ ಅವರವರ ಸಂಸಾರವಿರುತ್ತದೆ. ಸಂಜೆ ಸ್ಕೂಲಿಂದ ಬಂದು ಬೀಗ ತೆಗೆಯುವ ಸದ್ದು ಮನೆ ತುಂಬ ಕೇಳುತ್ತಿತ್ತು. ಸ್ಕೂಲಿನಲ್ಲಿ ಇಂಗ್ಲಿಷ್, ತರಕಾರಿಯವಳ ಹತ್ತಿರ ನನ್ನ ಮುರುಕು ಸ್ವಾಹಿಲಿ. ಒಂದೇ ಒಂದು ಕನ್ನಡ ಪದ ಬಾಯಿಂದ ಬೀಳದೆ ಮುಗಿದುಹೋಗುವ ದಿನಗಳೂ ಇದ್ದವು. ಒಬ್ಬಳಿಗಾಗುವಷ್ಟು ಅಕ್ಕಿ ಅಳೆಯಲು ಬರದೆ ದಿನಾ ಅನ್ನ ಮಿಗುತ್ತಿತ್ತು. ಸತ್ಯ ಹೇಳುತ್ತೇನೆ, ಆ ಒಂಟಿತನ ನನ್ನನ್ನು ತಿಂದುಹಾಕುತ್ತಿತ್ತು. ಹಾಗಿದ್ದೂ ಆ ಮನೆ ಬಿಟ್ಟು ಹೋಗುವ ಯೋಚನೆ ನನಗಿರಲಿಲ್ಲ.

ಜುಲೈನಲ್ಲಿ ಭಾವ ಬಂದರು. ನಮ್ಮವರ ಅಣ್ಣ, ರಿಟೈರಾದ ಹೆಡ್‌ಮೇಷ್ಟರು. ತಂದೆ ಹೋದ ಮೇಲೆ ತಮ್ಮನನ್ನು ಸಾಕಿ ಓದಿಸಿದವರು ಅವರೇ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರ ಪರವಾಗಿಯೂ ತಾವೇ ತೀರ್ಮಾನ ಮಾಡಿಬಿಡುವ ಜಾತಿ. ಎಂಬಕಸಿಯ ಏರ್‌ಪೋರ್ಟಿನಿಂದ ಟ್ಯಾಕ್ಸಿಯಲ್ಲಿ ಬರುತ್ತಿರುವಾಗಲೇ ಕೋಟಿನ ಜೇಬಿನಿಂದ ಟಿಕೆಟ್ಟು ತೆಗೆದು ತೋರಿಸಿದರು. ವಾಪಸ್ಸು ಹೋಗುವುದಕ್ಕೆ ಎರಡು ಸೀಟು.

"ಇದ್ಯಾರಿಗೆ ಭಾವ, ಇನ್ನೊಂದು?"

"ನಿನಗೇ ಕಣಮ್ಮಾ. ಇನ್ನೇನಿದೆ ಇಲ್ಲಿ? ಹಿತ್ತಿಲ ಕಡೆ ರೂಮು ಸುಣ್ಣ ಹೊಡೆಸಿಟ್ಟು ಬಂದಿದ್ದೀನಿ."

ನನ್ನ ಪಿತ್ತ ನೆತ್ತಿಗೇರಿತು. ಆದರೂ ಟ್ಯಾಕ್ಸಿಯವನ ಎದುರಿಗೆ ಬಾಯಿ ಮುಚ್ಚಿಕೊಂಡಿದ್ದೆ. ಆ ಹಿತ್ತಿಲ ಕಡೆಯ ರೂಮು ನನಗೆ ಗೊತ್ತಿತ್ತು. ಅಲ್ಲಿ ಹಿಂದೆ ನಮ್ಮತ್ತೆಯ ಅತ್ತಿಗೆಯೊಬ್ಬರಿದ್ದರು, ಗಂಡ ಹೋದವರು. ಯಾರಿಗೂ ತೊಂದರೆ ಕೊಡದೆ ಹೂಬತ್ತಿ ಹೊಸೆಯುತ್ತ ಬದುಕು ಮುಗಿಸಿದರು. ಎಲ್ಲರೂ ಅವರನ್ನು ಪ್ರೀತಿಯಿಂದಲೇ ನೋಡಿಕೊಂಡರು. ಆ ಪ್ರೀತಿ ನೆನೆದರೇ ನನಗೆ ಉಸಿರು ಕಟ್ಟುತ್ತಿತ್ತು. ಇಲ್ಲಿ ನನಗೊಂದು ಕೆಲಸವಿತ್ತು, ಕೈಯಲ್ಲಿ ಒಂದು ಬೀಗದ ಕೈ ಇತ್ತು, ಮತ್ತೆ ನಮ್ಮವರು ಓಡಾಡಿದ ಮನೆ ಇತ್ತು.

ಮಾರನೆಯ ಬೆಳಿಗ್ಗೆ ಭಾವ ಸ್ನಾನಕ್ಕೆ ಹೋದರು. ನಮ್ಮ ಮನೆತನದಲ್ಲಿ ಮೊದಲು ಗಂಡಸರ ಸ್ನಾನ, ಪೂಜೆ, ಆಮೇಲೆ ಹೆಂಗಸರು. ನಾನು ಮದುವೆಯಾಗಿ ಬಂದಾಗ ನೈರೋಬಿಯಲ್ಲೂ ಹಾಗೇ ಇತ್ತು. ನನಗೆ ಟೈಫಾಯ್ಡ್ ಆಗಿ ಎದ್ದ ವರ್ಷ ನಮ್ಮವರು "ನೀನು ಮೊದಲು ಹೋಗು" ಎಂದು ಶುರು ಮಾಡಿದವರು, ನಾನು ಗುಂಡುಕಲ್ಲಿನ ಹಾಗೆ ಆದ ಮೇಲೂ ಅದನ್ನೇ ಮುಂದುವರಿಸಿದರು. ಆ ಹೊತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಎರಡನೇ ಕಾಫಿ, ಪೇಪರು. "ಸೋಮಾರಿ ಸುಬ್ಬಪ್ಪ ಕಣ್ರೀ ನೀವು" ಎಂದು ನಾನು ಆಡಿಕೊಳ್ಳುತ್ತಿದ್ದೆ. ಸ್ನಾನ ಮುಗಿಸಿ ಬಂದು "ನಂದಾಯ್ತು, ಹೋಗ್ರೀ" ಎಂದು ಕೂಗಿದ ಮೇಲೆ ಸವಾರಿ ಎದ್ದು ಹೋಗುತ್ತಿತ್ತು. ಹೋದ ಮರುಗಳಿಗೆಯೇ ಶುರುವಾಗುತ್ತಿತ್ತು ದೇವರನಾಮ, ಬಚ್ಚಲ ಹಂಚು ಹಾರಿಹೋಗುವ ಹಾಗೆ. ರಾಗ ತಾಳ ಒಂದೂ ಇಲ್ಲ, ಗಂಟಲು ಮಾತ್ರ ಇದೆ. ಪಕ್ಕದ ಮನೆಯ ನಾಯಿ ಕೂಡ ಜೊತೆ ಸೇರುತ್ತಿತ್ತು.

ಭಾವ ಮುಗಿಸಿ ದೇವರ ಮುಂದೆ ಕೂತರು. ನಾನು ಒಳಗೆ ಹೋಗಿ, ಬಕೆಟ್ಟು ತುಂಬಿಸಿ, ನೋಡದೆ ಮೊದಲ ಚೆಂಬು ಹುಯ್ದುಕೊಂಡೆ. ಅಯ್ಯೋ ರಾಮ! ಜೀವ ಬಾಯಿಗೆ ಬಂತು. ಮಂಜುಗಡ್ಡೆ ಕರಗಿಸಿದಂಥ ನೀರು. ನನ್ನ ಕಿರುಚಾಟಕ್ಕೆ ಭಾವ ಮಂತ್ರ ನಿಲ್ಲಿಸಿ, "ಏನಾಯ್ತಮ್ಮಾ? ಹಲ್ಲಿ ಬಿತ್ತಾ?" ಎಂದು ಕೇಳಿದರು.

ಏಪ್ರಿಲ್‌ನಿಂದ ಆ ದಿನದವರೆಗೆ ಬಿಸಿನೀರಿಗೆ ಒಂದು ದಿನವೂ ತೊಂದರೆಯಾಗಿರಲಿಲ್ಲ. ಹಾಗಾಗಿ ಮೊದಲು ನನಗೆ ಭಾವನ ಮೇಲೇ ಸಿಟ್ಟು ಬಂತು, ಬಕೆಟ್ಟಿನ ಮೇಲೆ ಬಕೆಟ್ಟು ಸುರಿದುಕೊಂಡಿರಬೇಕೆಂದು. ಮಾರನೆಯ ದಿನ ನಾಚಿಕೆ ಬಿಟ್ಟು "ಒಂದು ಬಕೆಟ್ಟಿನಲ್ಲಿ ಮುಗಿಸ್ತೀರಾ ಭಾವ?" ಎಂದು ಕೇಳಿದೆ. ಪಾಪ, ಮುಗಿಸಿದರು. ಅವತ್ತು ನನ್ನ ಪಾಲಿಗೆ ಒಂದಿಷ್ಟು ಬಿಸಿ ಬಂತು. ಮೈಗೆ ಸೋಪು ಹಚ್ಚಿಕೊಂಡ ಮೇಲೆ ನಿಂತುಹೋಯಿತು. ಅದು ಇನ್ನೂ ಘೋರ.

ತಿಂಡಿ ತಿನ್ನುವಾಗ ಭಾವ ಮೆತ್ತಗೆ ಆ ಮಾತು ಆಡಿದರು. "ನೋಡಮ್ಮಾ, ಗಂಡು ದಿಕ್ಕಿಲ್ಲದ ಮನೆ ಅಂದ್ರೆ ಹೀಗೇನೆ. ಇವತ್ತು ಬಿಸಿನೀರು ಹೋಯ್ತು, ನಾಳೆ ಸೂರು ಸೋರುತ್ತೆ. ಯಾರನ್ನ ಕರೀತೀಯ, ಯಾರನ್ನ ನಂಬ್ತೀಯ? ಹಠ ಮಾಡಬೇಡ."

"ನಾನು ಯಾರನ್ನೂ ಕರೆಯಲ್ಲ. ನಾನೇ ರಿಪೇರಿ ಮಾಡ್ತೀನಿ."

"ನೀನಾ?"

"ಯಾಕೆ, ಹುಡುಗೀರಿಗೆ ಕರೆಂಟಿನ ಪಾಠ ಮಾಡೋದು ಯಾರು, ಪಕ್ಕದ ಮನೆಯವರಾ? ಭಾನುವಾರ ನೀವು ಹೊರಡೋದ್ರೊಳಗೆ ಇಬ್ಬರಿಗೂ ಬಿಸಿನೀರು ಬಂದ್ರೆ ನಾನು ಇಲ್ಲೇ ಇರ್ತೀನಿ. ಬರ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ನಿಮ್ಮ ಜೊತೆ ಬರ್ತೀನಿ. ಸರೀನಾ?"

ಭಾವ ಇಡ್ಲಿ ಮುರಿಯುತ್ತ, "ಆಯ್ತಮ್ಮಾ, ಮಾತು ಮಾತೇ" ಎಂದರು. ಗೆದ್ದೇಬಿಟ್ಟೆ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಬಾಯಿ ತಪ್ಪಿ ಬಂದ ಮಾತು ನನ್ನದು. ಒಂದು ಬಕೆಟ್ಟು ನೀರಿಗೆ ಮಿಕ್ಕ ಬದುಕನ್ನೇ ಪಣಕ್ಕಿಟ್ಟವಳು ನಾನೊಬ್ಬಳೇ ಇರಬೇಕು. ಆದರೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಮನೆಯಲ್ಲಿದ್ದ ಸಾಮಾನೆಂದರೆ ಒಂದು ಸ್ಕ್ರೂಡ್ರೈವರ್, ಒಂದು ಇಕ್ಕಳ, ಮತ್ತೆ ತಲೆಯಲ್ಲಿ ಪುಟ್ಟ ದೀಪವಿರುವ ಟೆಸ್ಟರು. ಕರೆಂಟಿರುವಲ್ಲಿಗೆ ತಾಗಿಸಿದರೆ ದೀಪ ಹತ್ತುತ್ತದೆ. ಬೀರು ತೆಗೆದು, ಟ್ಯಾಂಕಿನ ಮೇಲ್ಭಾಗದ ದುಂಡು ಮುಚ್ಚಳ ಬಿಚ್ಚಿ, ನೀರು ಕಾಯಿಸುವ ಕಾಯಿಲ್ಲಿನ ತುದಿಗೆ ಟೆಸ್ಟರು ಇಟ್ಟೆ. ದೀಪ ಚೆನ್ನಾಗಿಯೇ ಹತ್ತಿತು. ನನಗೆ ಸಮಾಧಾನವಾಗಲಿಲ್ಲ. ಟೆಸ್ಟರು ಹೇಳುವುದು ಇಷ್ಟೇ, ಪೋಸ್ಟಿನವನು ಬಾಗಿಲಿಗೆ ಬಂದಿದ್ದಾನೆ ಎಂದು. ಒಳಗಿನವರು ಬಂದು ಕಾಗದ ತೆಗೆದುಕೊಂಡರೇ ಇಲ್ಲವೇ ಎನ್ನುವುದು ಅದಕ್ಕೆ ತಿಳಿಯದು. ಕಾಯಿಲ್ಲು ಒಳಗೆ ಸುಟ್ಟುಹೋಗಿದ್ದರೂ ಟೆಸ್ಟರಿನ ದೀಪ ಹತ್ತಬಹುದು. ಕಾಯಿಲ್ಲು ಜೀವಂತವಿದೆಯೇ ಎಂದು ನೋಡಲು ಮೀಟರೇ ಬೇಕು.

ಆ ವಾರವೇ ಒಂದು ಮಧ್ಯಾಹ್ನ ಸ್ಕೂಲು ಮುಗಿಸಿ, ಮಟಾಟು ಎನ್ನುವ ಬಾಡಿಗೆ ವ್ಯಾನು ಹಿಡಿದು ಪೇಟೆಗೆ ಹೋದೆ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಗುಜರಾತಿ ಮುದುಕರೊಬ್ಬರು ಗಲ್ಲಾದ ಮೇಲೆ ಕೂತಿದ್ದರು. ಮಲ್ಟಿಮೀಟರ್ ಕೇಳಿದೆ. ಸಾಹೇಬರು ಎಂಥದ್ದು ತರಲು ಹೇಳಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಸಾಹೇಬರು ಏನೂ ಹೇಳಿಲ್ಲ, ಬೇಕಾದದ್ದು ನನಗೆ ಎಂದೆ. ಕನ್ನಡಕದ ಮೇಲಿಂದ ನನ್ನ ಬರಿ ಹಣೆ ನೋಡಿ ಅವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು, ಅಂಕಿ ಮೂಡುವ ಹೊಸ ಬಗೆಯದು, ನೋಡಲು ಬಲು ಚೆಂದ. ಇನ್ನೊಂದು, ವೈರನ್ನು ತಬ್ಬಿಕೊಂಡು ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುವ ದೊಡ್ಡ ಇಕ್ಕಳದಂಥದ್ದು, ಕಾರ್ಖಾನೆಯವರಿಗೆ. ಮತ್ತೊಂದು, ಮುಳ್ಳಿನದು, ನಮ್ಮ ಲ್ಯಾಬಿನಲ್ಲಿದ್ದಂಥದ್ದೇ. ನಾನು ಮುಳ್ಳಿನದನ್ನು ಕೈಗೆತ್ತಿಕೊಂಡೆ. ವೈರು ಸಡಿಲವಾಗಿದ್ದರೆ ಅಂಕಿಯದು ಸುಮ್ಮನೆ ಏನೇನೋ ತೋರಿಸಿ ತಲೆ ಚಿಟ್ಟು ಹಿಡಿಸುತ್ತದೆ. ಮುಳ್ಳಾದರೆ ಏಳಲೋ ಬೇಡವೋ ಎಂದು ತಡವರಿಸುವುದು ಕಣ್ಣಿಗೇ ಕಾಣುತ್ತದೆ. ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಮುಳ್ಳು ಸೊನ್ನೆಗೆ ಬರುತ್ತದೆಯೇ ಎಂದು ನಾನು ನೋಡುತ್ತಿದ್ದಾಗ ಮುದುಕರು "ಸಹಿ ಹೈ, ಬೆಹೆನ್‌ಜೀ" ಎಂದರು. ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ಸರಿ ಎಂದದ್ದು. ಅಂಗಡಿಯ ಮೆಟ್ಟಿಲಿಳಿಯುವಾಗ ಕಣ್ಣು ತುಂಬಿಬಂತು.

ಮನೆಗೆ ಬಂದು ಮೇನ್ ಸ್ವಿಚ್ಚು ಆರಿಸಿ, ಕಾಯಿಲ್ಲಿನ ವೈರು ಬಿಚ್ಚಿ ಮೀಟರು ಇಟ್ಟೆ. ಮುಳ್ಳು ಠೀವಿಯಿಂದ ಎದ್ದು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಕಾಯಿಲ್ಲು ಸರಿಯಿದೆ. ಥರ್ಮೋಸ್ಟಾಟ್ ನೋಡಿದೆ, ಅದೂ ಸರಿಯಿದೆ. ಫ್ಯೂಸು ಸರಿಯಿದೆ. ಒಂದೊಂದೂ ಸರಿಯಿದೆ, ಆದರೆ ಎರಡನೆಯವರಿಗೆ ನೀರಿಲ್ಲ! ಮಾರನೆಯ ಬೆಳಿಗ್ಗೆ ಬೇಗ ಸ್ವಿಚ್ಚು ಹಾಕಿ ಬಹಳ ಹೊತ್ತು ಕಾಯಿಸಿಯೂ ನೋಡಿದೆ. ಭಾವನಿಗೆ ಬಿಸಿ, ನನಗೆ ಮಂಜುಗಡ್ಡೆ. ಭಾವ ನನ್ನ ಮುಖ ನೋಡಲಿಲ್ಲ. ಗೆಲ್ಲುತ್ತಿರುವವರ ದಾಕ್ಷಿಣ್ಯ ಅದು. ಗೋಡೆಯ ಮೇಲಿನ ಫೋಟೋಗಳನ್ನು ಇಳಿಸಿ ಪೇಪರಿನಲ್ಲಿ ಸುತ್ತತೊಡಗಿದರು. ನಾನು ತಡೆಯಲಿಲ್ಲ. ನನ್ನ ಕಣ್ಣ ಮುಂದೆ ಹಿತ್ತಿಲ ಕಡೆಯ ರೂಮಿನ ಹೊಸ ಸುಣ್ಣ ಬಂದು ನಿಂತಿತ್ತು.

ಶನಿವಾರ ಹಗಲು ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಮೀಟರಿಗೆ ಕೇಳುವುದೆಲ್ಲ ಕೇಳಿಯಾಗಿತ್ತು. ಸ್ವಿಚ್ಚು ಆರಿಸಿರಲಿಲ್ಲವಾಗಿ ಟ್ಯಾಂಕು ಮತ್ತೆ ಕಾದಿತ್ತು. ಮೈಸೂರಿನಲ್ಲಿ ಹಂಡೆಯ ನೀರು ಕಾಯಿತೋ ಇಲ್ಲವೋ ನೋಡಲು ಯಾರಾದರೂ ಮೀಟರು ಇಟ್ಟಿದ್ದುಂಟೇ? ಅಂಗೈ ಇಟ್ಟು ನೋಡುವುದು, ಅಷ್ಟೆ. ಹಾಗೇ ಕಂಬಳಿಯೊಳಗೆ ಕೈ ತೂರಿಸಿದೆ. ಮೇಲ್ಗಡೆ ಕೈ ಸುಟ್ಟಿತು. ಮೆಲ್ಲಗೆ ಕೆಳಕ್ಕೆ ಜಾರಿಸುತ್ತ ಬಂದೆ. ಬಿಸಿ, ಬಿಸಿ, ಬೆಚ್ಚಗೆ. ಕಂಬಳಿ ಮುಗಿಯುವ ಕಡೆಗೆ ಬಂದರೆ ತಣ್ಣನೆಯ ಕಲ್ಲು. ಅಲ್ಲಿಂದ ಬುಡದವರೆಗೂ ಹಾಗೇ.

ಬಿಸಿನೀರು ಹಗುರ, ಮೇಲೆಯೇ ತೇಲುತ್ತದೆ. ಮೇಲಿನ ಕಾಯಿಲ್ಲು ತನಗಿಂತ ಮೇಲಿನ ನೀರನ್ನು ಮಾತ್ರ ಕಾಯಿಸಬಲ್ಲದು. ಇದು ನಾನು ಪ್ರತಿ ವರ್ಷ ಹುಡುಗಿಯರಿಗೆ ಹೇಳುವ ಪಾಠ. ಇಷ್ಟು ದೊಡ್ಡ ಟ್ಯಾಂಕು ಮಾಡಿದವನು ತಳದಲ್ಲಿ ಇನ್ನೊಂದು ಕಾಯಿಲ್ಲು ಇಟ್ಟೇ ಇರುತ್ತಾನೆ. ತಳದಲ್ಲಿ ಏನಿದೆ? ಟ್ರಂಕು ಇದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರಂಕು ಎಳೆದೆ. ಹಿಂದೆ ಎರಡನೆಯ ಮುಚ್ಚಳ ಇತ್ತು. ಮೇನ್ ಆರಿಸಿ, ಸ್ಕ್ರೂ ಬಿಚ್ಚಿದೆ. ಒಳಗೆ ವೈರುಗಳನ್ನು ಕಾಯಿಲ್ಲಿನಿಂದ ಬಿಡಿಸಿ, ತುದಿಗಳನ್ನು ಮಡಚಿ, ಬೇರೆ ಬೇರೆಯಾಗಿ ಸುತ್ತಿಟ್ಟಿದ್ದರು. ಯಾರೋ ಫುಂಡಿ ಮಾಡಿಹೋಗಿರಬೇಕು ಅಂದುಕೊಂಡೆ. ರಿಪೇರಿಯವರಿಗೆ ಅಲ್ಲಿ ಫುಂಡಿ ಎನ್ನುತ್ತಾರೆ. ಆದರೆ ಯಾವ ಫುಂಡಿಯೂ ವೈರಿಗೆ ಅದನ್ನು ಸುತ್ತುವುದಿಲ್ಲ. ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರು! ನಮ್ಮವರು ಜಗತ್ತಿನ ಸಕಲ ರಿಪೇರಿಯನ್ನೂ ಮಾಡುತ್ತಿದ್ದದ್ದು ಅದರಲ್ಲೇ. ಕನ್ನಡಕದ ಕಾಲು, ಛತ್ರಿಯ ಹಿಡಿ, ರೇಡಿಯೋದ ತಿರುಪು. ಈಳಿಗೆಮಣೆಯಲ್ಲಿ ಕೈ ಕುಯ್ದುಕೊಂಡು ಔಷಧಿ ಡಬ್ಬಿ ತೆಗೆದರೆ ನನಗೆ ಪ್ಲಾಸ್ಟರು ಇರುತ್ತಿರಲಿಲ್ಲ, ಅದಕ್ಕೆ ಎಷ್ಟು ಜಗಳಗಳಾಗಿದ್ದವೋ. ಇದು ಹಳದಿಗಟ್ಟಿ, ಬಿರಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದೆರಡು ತಿಂಗಳ ಹಿಂದಿನದಲ್ಲ, ವರ್ಷಗಳ ಹಳೆಯದು. ಕಾಯಿಲ್ಲಿಗೆ ಮೀಟರು ಇಟ್ಟೆ. ಮುಳ್ಳು ಅಲುಗಲೇ ಇಲ್ಲ.

ನನಗೆ ಒಂದೊಂದಾಗಿ ಅರ್ಥವಾಗತೊಡಗಿತು. ಅರ್ಧಕ್ಕೇ ಸುತ್ತಿದ ಕಂಬಳಿ. ಜರುಗಿಸಬಾರದ ಟ್ರಂಕು. ಮನೆಗೆ ಯಾರಾದರೂ ಬಂದು ಉಳಿದರೆ ಇವರೇ ಹಿತ್ತಿಲಲ್ಲಿ ಇದ್ದಿಲೊಲೆ ಹೊತ್ತಿಸಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದದ್ದು, "ಒಲೆ ನೀರಿನ ಸುಖ ಸ್ವಿಚ್ಚಿನ ನೀರಿಗೆಲ್ಲಿ" ಎಂದು ಅವರ ಮುಂದೆ ಬಡಾಯಿ ಕೊಚ್ಚಿಕೊಳ್ಳುತ್ತಿದ್ದದ್ದು. ನನಗೆ ಟೈಫಾಯ್ಡ್ ಆದ ವರ್ಷ ಕೆಳಗಿನ ಕಾಯಿಲ್ಲು ಸುಟ್ಟಿದೆ. ಟ್ಯಾಂಕಿನಲ್ಲಿ ಉಳಿದದ್ದು ಒಬ್ಬರ ಸ್ನಾನದ ಬಿಸಿ.

ಭಾವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. "ಸಿಕ್ತೇನಮ್ಮಾ?"

"ಸಿಕ್ಕಿತು ಭಾವ. ಇದು ಮೊನ್ನೆ ಕೆಟ್ಟದ್ದಲ್ಲ. ಎಷ್ಟೋ ವರ್ಷದಿಂದ ಈ ಮನೇಲಿ ಒಬ್ಬರಿಗೇ ಬಿಸಿನೀರು ಇದ್ದದ್ದು. ನನ್ನನ್ನ ಮೊದಲು ಕಳಿಸಿ ಇವರು ಆಮೇಲೆ ಹೋಗ್ತಿದ್ರು. ನಾನು ಸೋಮಾರಿ ಅಂದ್ಕೊಂಡಿದ್ದೆ."

ಭಾವ ಬಂದು ಟ್ರಂಕಿನ ಮೇಲೆ ಕೂತರು. ಪ್ಲಾಸ್ಟರು ಸುತ್ತಿದ ವೈರಿನ ತುದಿಯನ್ನು ಬೆರಳಲ್ಲಿ ಮುಟ್ಟಿದರು. ಆಮೇಲೆ ನಾನು ಯೋಚಿಸಿಯೂ ಇರದ ಒಂದು ಪ್ರಶ್ನೆ ಕೇಳಿದರು.

"ಸ್ನಾನ ಮಾಡುವಾಗ ಹಾಡ್ತಿದ್ನಾ?"

"ದಿನಾ. ಕಿವಿ ಕಿತ್ತುಹೋಗೋ ಹಾಗೆ."

"ಚಿಕ್ಕಂದಿನಿಂದಲೂ ಹಾಗೇ ಅವನು. ನಮ್ಮನೇಲಿ ಸೌದೆ ಸಾಲ್ತಿರಲಿಲ್ಲ. ಹಂಡೆ ನೀರು ಖಾಲಿಯಾದ ದಿನ ಕೊನೇಲಿ ಹೋದವನು ಬಾವಿ ಹತ್ರ ತಣ್ಣೀರು ಹುಯ್ಕೋಬೇಕು. ಆಗ ಮಾತ್ರ ಹಾಡೋನು, ನಡುಗೋದು ಯಾರಿಗೂ ಕೇಳಬಾರ್ದು ಅಂತ. ಬಿಸಿನೀರು ಸಿಕ್ಕಿದ ದಿನ ತುಟಿ ಪಿಟಕ್ ಅಂತಿರಲಿಲ್ಲ ಕಣಮ್ಮಾ."

ನಾನು ಕೂತಲ್ಲೇ ಅಳುವುದಕ್ಕೆ ಶುರು ಮಾಡಿದೆ. ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. "ಅಲ್ರೀ, ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಮನೇಲಿ ಫಿಸಿಕ್ಸ್ ಟೀಚರ್‌ನ ಇಟ್ಕೊಂಡು ಪ್ಲಾಸ್ಟರ್ ಸುತ್ತಿ ಕೂತಿದ್ರಲ್ಲ! ಒಂದು ಭಾನುವಾರದ ಕೆಲಸ ಇದು, ಒಂದು ಭಾನುವಾರ! ಏನು ಮನುಷ್ಯರ್ರೀ ನೀವು!" ಏಪ್ರಿಲ್‌ನಲ್ಲಿ ಎಲ್ಲರ ಎದುರು ಗಂಭೀರವಾಗಿದ್ದವಳು ನಾನು. ಈಗ ಒಂದು ತಾಮ್ರದ ಟ್ಯಾಂಕಿಗೆ ಬಾಯಿಗೆ ಬಂದ ಹಾಗೆ ಬೈದೆ. ಮುಂದಿನ ವಾರ ಮಾಡಿಸೋಣ, ಮುಂದಿನ ತಿಂಗಳು ನೋಡೋಣ ಎಂದು ಮುಂದೂಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಅದು ನಿಜ. ಆದರೆ ಮುಂದೂಡಿದ ಆ ಅಷ್ಟೂ ವರ್ಷ ತಣ್ಣೀರನ್ನು ತಮ್ಮ ಪಾಲಿಗೇ ಇಟ್ಟುಕೊಂಡರು. ಭಾವ ಹೆಗಲ ಮೇಲಿನ ಟವಲಿನಿಂದ ತಾವೂ ಮುಖ ಒರೆಸಿಕೊಂಡರು.

ಆಮೇಲೆ ಎದ್ದು ನಿಂತು, "ಇದಕ್ಕೀಗ ಏನು ತರಬೇಕು ಹೇಳು, ಅಂಗಡಿ ಮುಚ್ಚೋದ್ರೊಳಗೆ ಹೋಗೋಣ" ಎಂದರು.

ಅದೇ ಗುಜರಾತಿ ಮುದುಕರ ಅಂಗಡಿಯಲ್ಲಿ ಹೊಸ ಕಾಯಿಲ್ಲು ಸಿಕ್ಕಿತು. ಹಳೆಯದನ್ನು ಬಿಚ್ಚುವ ದೊಡ್ಡ ಸ್ಪ್ಯಾನರನ್ನು ಅವರು ಸೋಮವಾರ ತಂದುಕೊಡಿ ಎಂದು ಸುಮ್ಮನೆ ಕೊಟ್ಟರು. ಟ್ಯಾಂಕು ಖಾಲಿ ಮಾಡಿ ಸ್ಪ್ಯಾನರು ಹಾಕಿದರೆ ಕಾಯಿಲ್ಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಷ್ಟು ವರ್ಷ ಅಲ್ಲೇ ಕಚ್ಚಿಕೊಂಡಿತ್ತು. ಮಡಿಪಂಚೆಯ ಭಾವ ಕಚ್ಚೆ ಬಿಗಿದು ಬಂದು ಪಕ್ಕದಲ್ಲಿ ಕೂತರು. "ನೀನು ಎಳಿ, ನಾನು ತಳ್ತೀನಿ" ಎಂದರು. ಹೆಡ್‌ಮೇಷ್ಟರೂ ಟೀಚರೂ ಸೇರಿ ಏದುಸಿರು ಬಿಡುತ್ತ ಎಳೆದೆವು, ತಳ್ಳಿದೆವು. ಅದು ಕಿರ್ರ್ ಎಂದು ತಿರುಗಿದಾಗ ಒಳಗುಳಿದಿದ್ದ ನೀರೆಲ್ಲ ಭಾವನ ತೊಡೆಯ ಮೇಲೆ ಸುರಿಯಿತು. "ಅಯ್ಯಪ್ಪಾ, ಏನು ತಣ್ಣಗಿದೆಯಮ್ಮಾ ಇದು!" ಎಂದು ಕೂಗಿಕೊಂಡವರು, ಒದ್ದೆ ಪಂಚೆಯ ಮೇಲೆ ಅಂಗೈ ಇಟ್ಟು ನೋಡಿದರು. ಹೊಸದನ್ನು ಕೂರಿಸಿ, ವೈರು ಜೋಡಿಸಿ, ಮೀಟರು ಇಟ್ಟೆ. ಮುಳ್ಳು ಎದ್ದು ನಿಂತಿತು.

ಭಾನುವಾರ ಬೆಳಿಗ್ಗೆ ಎದ್ದು ಬಂದಾಗ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು, ಭಾವ ಹಾಲಿನಲ್ಲಿ ಟವಲು ಹೊದ್ದು ಕೂತಿದ್ದರು. ಇಳಿಸಿ ಸುತ್ತಿಟ್ಟಿದ್ದ ಫೋಟೋಗಳೆಲ್ಲ ಮತ್ತೆ ಗೋಡೆಯ ಮೇಲಿದ್ದವು.

"ಭಾವ, ನೀರು ಕಾದಿದೆ, ಸ್ನಾನಕ್ಕೆ ಏಳಿ. ಪೂಜೆಗೆ ಹೊತ್ತಾಗುತ್ತೆ."

"ನೀನು ಮೊದಲು ಹೋಗಮ್ಮಾ" ಎಂದರು.

ಹುಟ್ಟಿದಾಗಿನಿಂದ ಹೆಂಗಸರ ಹಿಂದೆ ಬಚ್ಚಲಿಗೆ ಕಾಲಿಟ್ಟವರಲ್ಲ ಅವರು. ನಾನು ಟವಲು ಎತ್ತಿಕೊಂಡು ಹೋದೆ. ನನ್ನ ಹಿಂದೆ ಭಾವ ಹೋದರು. ಒಳಗಿನಿಂದ ಒಂದು ಸದ್ದಿಲ್ಲ. ಹೊರಗೆ ಬಂದಾಗ ಮೈಯಿಂದ ಹಬೆ ಏಳುತ್ತಿತ್ತು. "ಚೆನ್ನಾಗಿ ಕಾದಿದೆ" ಎಂದು ಅಷ್ಟೇ ಹೇಳಿ ದೇವರ ಮುಂದೆ ಕೂತರು. ಏರ್‌ಪೋರ್ಟಿನಲ್ಲಿ ಒಳಗೆ ಹೋಗುವ ಮೊದಲು ಎರಡು ಟಿಕೆಟ್ಟುಗಳಲ್ಲಿ ಒಂದನ್ನು ಮಡಚಿ ನನ್ನ ಕೈಗೆ ಕೊಟ್ಟು, "ಇದನ್ನ ನೀನೇ ಹರಿದುಹಾಕು, ನನ್ನ ಕೈಲಾಗಲ್ಲ" ಎಂದರು. ನಾನು ಗೆದ್ದಿದ್ದೆ. ಗಾಜಿನ ಬಾಗಿಲಾಚೆ ಅವರ ಬೆನ್ನು ಮರೆಯಾಗುವವರೆಗೂ ನಿಂತಿದ್ದೆ. ಆ ಬೆನ್ನು, ಆ ನಡಿಗೆ ತಮ್ಮನದೇ.

ಸೋಮವಾರ ಬೆಳಿಗ್ಗೆ ಸ್ವಿಚ್ಚು ಹಾಕಿ, ಕಾಫಿ ಕುಡಿದು, ಸ್ನಾನ ಮಾಡಿ ಬಂದೆ. ಕೂದಲು ಒರೆಸಿಕೊಳ್ಳುತ್ತ ಬೀರು ತೆಗೆದು ಟ್ಯಾಂಕಿನ ಬುಡಕ್ಕೆ ಅಂಗೈ ಇಟ್ಟೆ. ಸುಡುತ್ತಿತ್ತು. ಇನ್ನೊಬ್ಬರಿಗೆ ಧಾರಾಳವಾಗಿ ಆಗುವಷ್ಟು ನೀರು ಹಾಗೇ ಇತ್ತು. ಮನೆಯಲ್ಲಿ ಯಾರೂ ಇಲ್ಲ ಎಂದು ನನಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು. ಆದರೂ ಹಾಲಿನ ಕಡೆ ತಿರುಗಿ ಕೂಗಿದೆ.

"ರೀ, ನಂದಾಯ್ತು. ಹೋಗಿ, ಇವತ್ತು ನೀರು ಬಿಸಿಯಾಗಿದೆ."

ಸ್ವಲ್ಪ ಹೊತ್ತು ಕಾದೆ. ಆಮೇಲೆ ಸ್ವಿಚ್ಚು ಆರಿಸಿ, ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಲಿಗೆ ಹೊರಟೆ.